ಭಾನುವಾರದ ಮಳೆ

ವಿಶ್ವವಿದ್ಯಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಮಳೆಯಕ್ಕ ಎಂದೇ. ಇಪ್ಪತ್ತೆರಡು ವರ್ಷ, ದಿನಾ ಬೆಳಿಗ್ಗೆ ಎಂಟೂವರೆಗೆ, ಹವಾಮಾನ ವಿಭಾಗದ ತಂತಿಬೇಲಿಯೊಳಗೆ ಮಂಡಿಯೂರಿ ಮಳೆಮಾಪಕದ ನೀರನ್ನು ಅಳೆದು ಪುಸ್ತಕಕ್ಕೆ ಬರೆದವಳು. ಪಕ್ಕದ ಮನೆಯವಳೆಂಬ ಸಲುಗೆಯಲ್ಲಿ ನಾನು ಇವತ್ತು ಛತ್ರಿ ಬೇಕಾಗುತ್ತಾ ಎಂದು ಕೇಳಿದರೆ, "ಅಳೆಯೋದಷ್ಟೇ ನನ್ನ ಕೆಲಸ. ಸುರಿಸೋನನ್ನ ನೀನೇ ಕೇಳು, ದಿನಾ ಪೂಜೇಲಿ ಮಾತಾಡ್ತೀಯಲ್ಲ" ಎನ್ನುತ್ತಿದ್ದಳು.

ವಿನಿಮಯ ಯೋಜನೆಯಲ್ಲಿ ವರ್ಷವರ್ಷವೂ ಹೊರದೇಶದ ಸಂಶೋಧನಾ ವಿದ್ಯಾರ್ಥಿಗಳು ಬರುತ್ತಿದ್ದರು. ಹೋದ ವರ್ಷ ಬಂದವಳು ಒಬ್ಬ ಎತ್ತರದ ಹುಡುಗಿ. ಮಳೆ ಎಷ್ಟು ಬದಲಾಗಿದೆ ಎಂಬುದು ಅವಳ ವಿಷಯ; ಮಳೆಯಕ್ಕನ ಪುಸ್ತಕಗಳೇ ಆಧಾರ. ನಮ್ಮ ಮಾತನ್ನೂ ಚೆನ್ನಾಗಿ ಕಲಿತಳು.

ಒಂದು ಮಧ್ಯಾಹ್ನ ಕೇಳಿದಳು: "ಅಕ್ಕಾ, ಭಾನುವಾರ ಎಷ್ಟು ಮಳೆಯೋ ಸೋಮವಾರವೂ ಅಷ್ಟೇ. ಎಲ್ಲಾ ವರ್ಷವೂ! ಹೇಗೆ?"

ಮಳೆಯಕ್ಕ ಮುಚ್ಚಿಡಲಿಲ್ಲ. ಭಾನುವಾರ ಗೇಟಿಗೆ ಬೀಗ. ಸೋಮವಾರ ಎರಡು ದಿನದ ನೀರು ಒಟ್ಟಿಗೇ ಸಿಗುತ್ತಿತ್ತು. ಮೊದಲ ಕೆಲವು ವಾರ ಭಾನುವಾರದ ಜಾಗ ಖಾಲಿ ಬಿಟ್ಟಿದ್ದಳು. ವಿಭಾಗದ ಈಗಿನ ಮುಖ್ಯಸ್ಥರು ಆಗ ಕಿರಿಯ ಮೇಷ್ಟ್ರು. "ಖಾಲಿ ಬಿಟ್ಟರೆ ಮೇಲಿನವರು ಕೇಳ್ತಾರೆ, ಅರ್ಧರ್ಧ ಹಂಚಿ ಬರಿ" ಎಂದರು. ಹಂಚಿದಳು.

"ಇದನ್ನ ನನ್ನ ತಲೆಗೆ ಕಟ್ಟಿದ್ರೆ ಕೆಲಸ ಹೋಗುತ್ತೆ ಕಣಮ್ಮ."

"ನಾನಿಲ್ವಾ ಅಕ್ಕಾ? ನಾನು ಹೇಳ್ತೀನಿ."

ವಿನಿಮಯದ ಒಪ್ಪಂದ ಮುಂದುವರಿಸಲು ಹುಡುಗಿಯ ದೇಶದ ಇಬ್ಬರು ಪ್ರಾಧ್ಯಾಪಕರು ಬಂದರು. ಲೆಕ್ಕದ ದೋಷ ಅವರ ಕಣ್ಣಿಗೂ ಬಿದ್ದಿತ್ತು. ಮಳೆಯಕ್ಕನನ್ನು ಕರೆಸಿದರು; ಎರಡೂ ಭಾಷೆ ಬಲ್ಲ ಹುಡುಗಿಯೂ ಅಲ್ಲಿದ್ದಳು. ಮುಖ್ಯಸ್ಥರು ಅವರ ಭಾಷೆಯಲ್ಲಿ ಏನೋ ಹೇಳಿ, ಇವಳ ಕಡೆ ತಿರುಗಿದರು. "ಮನೇಲಿ ಕೂತು ಅಂಕಿ ಗೀಚಿದ್ದೀಯಲ್ಲ, ನಾಚಿಕೆ ಆಗಲ್ವಾ?"

"ತಾವೇ ಹೇಳಿದ್ದಲ್ವಾ ಸಾರ್, ಅರ್ಧರ್ಧ ಹಂಚು ಅಂತ?"

ಅತಿಥಿಗಳು ಹುಡುಗಿಯ ಮುಖ ನೋಡಿದರು, ಏನು ಹೇಳುತ್ತಿದ್ದಾಳೆ ಎಂಬಂತೆ. ಹುಡುಗಿ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತಿದ್ದಳು. ಅವಳ ವರದಿಗೆ ಮುಖ್ಯಸ್ಥರ ಸಹಿ ಇನ್ನೂ ಆಗಿರಲಿಲ್ಲ. ಕೊನೆಗೆ ಸಣ್ಣ ದನಿಯಲ್ಲಿ ಎರಡು ಮಾತು ಆಡಿದಳು. ಅದರಲ್ಲಿ 'ಸಾರಿ' ಎಂಬ ಶಬ್ದ ಮಳೆಯಕ್ಕನಿಗೂ ಗೊತ್ತಿತ್ತು. ಅತಿಥಿಗಳು ದೊಡ್ಡ ಮನಸ್ಸು ಮಾಡಿ ತಲೆಯಾಡಿಸಿದರು. ಮಳೆಯಕ್ಕ ಕ್ಷಮೆ ಕೇಳಿದಳೆಂದುಕೊಂಡರು.

ಬೇಲಿಯೊಳಗೆ ತಾನೇ ಅಳೆಯುವ ಯಂತ್ರ ಬಂತು. ಮಳೆಯಕ್ಕನನ್ನು ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲಿಗೆ ಹಾಕಿದರು, ಹಾಸಿಗೆ ಬಟ್ಟೆ ಬದಲಿಸಲು. ದೇವರು ನೋಡುತ್ತಾನೆ ಎನ್ನಲು ಹೊರಟಿದ್ದೆ; ಅವಳ ಮುಖ ಕಂಡು, ಕಾಫಿ ಕುಡೀತೀಯಾ ಎಂದೆ.

ಹುಡುಗಿ ಊರಿಗೆ ಹೊರಟ ದಿನ ಕೋಣೆ ಒಪ್ಪಿಸಬೇಕಾಗಿ ಬಂದದ್ದು ಮಳೆಯಕ್ಕನಿಗೇ. "ಅಕ್ಕಾ, ನನಗೆ ಬೇರೆ ದಾರಿ ಇರಲಿಲ್ಲ" ಎಂದು ಅತ್ತಳಂತೆ. ಮಳೆಯಕ್ಕ ಪಟ್ಟಿ ಹಿಡಿದು ಹೊದಿಕೆ, ದಿಂಬು, ಬಕೆಟ್ಟು ನೋಡಿದಳು.

"ಮಗ್ಗು ಇಲ್ಲ."

"ಒಡೆದುಹೋಯ್ತು. ಹೊಸದು ತಂದುಕೊಡ್ಲಾ?"

"ತಂದ್ರೆ ತಾ, ಬಿಟ್ರೆ ಬಿಡು. ಇಲ್ಲ ಅಂತ ಬರೆದಾಗಿದೆ."