ಸೋದರಮಾವನ ಕಂಬಳಿ ಮತ್ತು ಪೆಟ್ರೋಲು ಕುಡಿಯದ ಗಾಡಿ

ಚಿತ್ರದುರ್ಗದ ಒಂದು ಪೆಟ್ರೋಲ್ ಬಂಕಿನ ಆಳು ನನ್ನ ಗಾಡಿಯ ವಿಷಯವಾಗಿ ಆಡಿದ ಮಾತಿನಲ್ಲಿ ಒಂದಕ್ಷರವನ್ನೂ ನಾನು ಈವರೆಗೆ ಮರೆತಿಲ್ಲ. “ಯಜಮಾನ್ರೆ, ನಿಮ್ ಗಾಡಿಗೆ ಹೊಟ್ಟೆನೇ ಇಲ್ಲ ಕಣ್ರಿ, ಬರೀ ಗಂಟ್ಲು ಐತೆ,” ಎಂದ. ನನ್ನ ಹಿಂದೆ ಸಾಲಿನಲ್ಲಿದ್ದ ಟ್ಯಾಕ್ಸಿಯವನು ನಕ್ಕ. ಡಬ್ಬ ಹಿಡಿದು ನಿಂತಿದ್ದ ಇಬ್ಬರು ನಕ್ಕರು. ಮೋಟಾರ್ ಸೈಕಲ್ಲಿನ ಮೇಲೆ ಕುಳಿತಿದ್ದ ಮೇಷ್ಟರೊಬ್ಬರೂ ನಕ್ಕರು. ಉಳಿದವರು ನಕ್ಕದ್ದು ಸರಿ, ಮೇಷ್ಟರು ನಗಬಾರದಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ಮದಕರಿಪುರದ ಕಡೆಯ ನಮ್ಮದು ಕುರಿಯನ್ನೂ ಹೊಲವನ್ನೂ ನಂಬಿದ ಮನೆ. ಹಿರಿಯೂರಿನ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಬಳಸಿ ಬಿಟ್ಟಿದ್ದ ಪಿಕಪ್ ಗಾಡಿಯನ್ನು ನಾನು ಕೊಂಡುಕೊಂಡಿದ್ದೆ. ಕುರಿ, ಉಣ್ಣೆ, ಮೇವು, ನೆಂಟರು ಎಲ್ಲವೂ ಅದರಲ್ಲೇ ಸಾಗುತ್ತಿದ್ದವು. ಒಂದೆರಡು ವರ್ಷ ಅದು ನನಗೆ ಯಾವ ತೊಂದರೆಯನ್ನೂ ಕೊಡಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಪೆಟ್ರೋಲು ಕುಡಿಯುವುದನ್ನೇ ಬಿಟ್ಟಿತು. ಪಂಪಿನ ನಳಿಗೆಯನ್ನು ಟ್ಯಾಂಕಿನ ಬಾಯಿಗಿಟ್ಟು ಒತ್ತಿದರೆ ಒಂದು ಗುಟುಕು ಒಳಗೆ ಹೋಗುತ್ತಿತ್ತು, ಎರಡನೆಯ ಗುಟುಕು ಬಂಕಿನವನ ಮುಂಗೈ ಮೇಲೆ ಚಿಮ್ಮುತ್ತಿತ್ತು. ಮತ್ತೆ ಕಾಯಬೇಕು, ಒಳಗೆ ಗುಳುಗುಳು ಸದ್ದಾಗಿ ನಿಂತ ಮೇಲೆ ಇನ್ನೊಂದು ಗುಟುಕು. ಬೇರೆಯವರ ಗಾಡಿಗೆ ಬೀಡಿಯೊಂದು ಸೇದಿ ಮುಗಿಸುವಷ್ಟು ಹೊತ್ತಿನ ಕೆಲಸ, ನನ್ನದಕ್ಕೆ ಊಟ ಮಾಡಿ ಎದ್ದು ಬರುವಷ್ಟು ಹೊತ್ತಿನದಾಯಿತು.

ತಪ್ಪು ಬಂಕಿನದೆಂದು ನಾನು ನಂಬಿದೆ. ಬಾಯಿ ಬಿಟ್ಟು ಹಾಗೆಂದು ಹೇಳಿಯೂ ಬಿಟ್ಟೆ. ಆಗ ಬಂದದ್ದೇ ಆ ಹೊಟ್ಟೆ-ಗಂಟಲಿನ ಮಾತು.

ಇದೆಲ್ಲ ಬೇರೆ ದಿನಗಳಲ್ಲಾಗಿದ್ದರೆ ನಾನು ಇಷ್ಟು ಕಂಗೆಡುತ್ತಿರಲಿಲ್ಲ. ಆದರೆ ಅಕ್ಕನ ಮಗಳ ಮದುವೆ ಗೊತ್ತಾಗಿತ್ತು. ಹೊಸದುರ್ಗದಾಚೆ ಹಾಲುರಾಮೇಶ್ವರದ ದೇವಸ್ಥಾನದಲ್ಲಿ, ಬೆಳಗಿನ ಮುಹೂರ್ತ. ನಮ್ಮ ಮನೆತನದ ಪದ್ಧತಿಯಂತೆ ಹೆಣ್ಣುಗಂಡು ಧಾರೆಗೆ ಕೂರುವುದು ಕರಿಕಂಬಳಿಯ ಗದ್ದುಗೆಯ ಮೇಲೆ. ಆ ಕಂಬಳಿ ಹೆಣ್ಣಿನ ಸೋದರಮಾವನ ಹಿಂಡಿನ ಉಣ್ಣೆಯದೇ ಆಗಿರಬೇಕು, ಅದನ್ನು ಅವನೇ ತಂದು ಹಾಸಬೇಕು. ಯಾರೂ ಹೊದ್ದದ್ದಾಗಿರಬಾರದು. ಕುರಿಯ ವಾಸನೆಯ ಹೊರತು ಬೇರೆ ಯಾವ ವಾಸನೆಯೂ ತಾಗಿರಬಾರದು. ಸೋದರಮಾವ ನಾನು.

ಭಾವ ತೀರಿಹೋಗಿದ್ದರಿಂದ ಮದುವೆಯ ಯಜಮಾನಿಕೆ ಅವರ ಅಣ್ಣನದಾಗಿತ್ತು. ನಿಶ್ಚಯದ ದಿನ ದಾರಿಯಲ್ಲಿ ಟೈರು ಪಂಚರಾಗಿ ನಾನು ತಡವಾಗಿ ಹೋಗಿದ್ದೆ. ಎಲೆಯ ಮುಂದೆ ಕುಳಿತ ಅಷ್ಟೂ ಜನರಿಗೆ ಕೇಳಿಸುವಂತೆ ಅವರು ಹೇಳಿದರು: “ಮದ್ವೆಗೆ ಗಾಡಿ ನಂಬ್ಕಂಡು ಬರಬ್ಯಾಡ್ರಿ. ಹೊತ್ತಿಗೆ ಕಂಬ್ಳಿ ಬರ್ಲಿಲ್ಲ ಅಂದ್ರೆ ಜಮಖಾನ ಹಾಸ್ತೀವಿ. ಮದ್ವೆ ಏನ್ ನಿಲ್ಲಲ್ಲ.” ಅಕ್ಕ ಅಡುಗೆಮನೆಯ ಬಾಗಿಲಲ್ಲಿದ್ದವಳು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಮಗಳು ಜಮಖಾನದ ಮೇಲೆ ಕೂತು ಧಾರೆಯಾದರೆ ಅಕ್ಕನಿಗೆ ತವರೇ ಇಲ್ಲವೆಂದು ಆ ಮನೆಯವರು ಸಾಯುವವರೆಗೆ ಆಡಿಕೊಳ್ಳುತ್ತಿದ್ದರು. ಗಂಡನಿಲ್ಲದ ಹೆಂಗಸಿಗೆ ಅದು ಸಣ್ಣ ಮಾತಲ್ಲ.

ಕಂಬಳಿಯೂ ಸುಲಭವಾಗಿ ಸಿದ್ಧವಾಗಲಿಲ್ಲ. ಮೊದಲನೆಯದನ್ನು ನೇಯುವವರ ಮನೆಯಿಂದ ಗಾಡಿಯ ಸೀಟಿನ ಹಿಂದೆ ಇಟ್ಟು ತಂದೆ. ಅವ್ವ ಅದನ್ನು ಮೂಗಿಗೆ ಹಿಡಿದವಳೇ ದೂರ ಸರಿಸಿದಳು. “ಇದು ಕುರಿಯೋ, ಮೋಟ್ರೋ? ಇದ್ರ ಮ್ಯಾಲೆ ನನ್ ಮೊಮ್ಮಗಳು ಕುಂತ್ಕಳಲ್ಲ,” ಎಂದಳು. ಆಮೇಲೆ ನಮ್ಮ ಅಂಗಳದಲ್ಲೇ ಮಗ್ಗ ಹೂಡಿಸಿ, ಹಾಸಿನ ಎಳೆಗಳಿಗೆ ಹುಣಸೆಬೀಜದ ಗಂಜಿಯನ್ನು ತನ್ನೆದುರಿಗೇ ಬಳಿಸಿ, ಎರಡನೆಯದನ್ನು ನೇಯಿಸಿದಳು. ಗಾಡಿ ಪೆಟ್ರೋಲು ಕುಡಿಯದಾದದ್ದು ಆ ದಿನಗಳಲ್ಲಿಯೇ. ಎರಡಕ್ಕೂ ಸಂಬಂಧವಿರಬಹುದೆಂದು ನನಗೆ ಹೊಳೆಯಲಿಲ್ಲ.

ಮದುವೆಗೆ ಹತ್ತು ದಿನವಿರುವಾಗ ಹಿರಿಯೂರಿನ ಒಬ್ಬ ಮೆಕ್ಯಾನಿಕನ ಬಳಿಗೆ ಹೋದೆ. ಅವನು ಟ್ಯಾಂಕನ್ನೇ ಬಿಚ್ಚಿ ಕೆಳಗಿಳಿಸಿ ತೊಳೆದ. ಒಂದು ಹಿಡಿ ತುಕ್ಕು ಹೊರಬಂದಾಗ ನಾನು ಕಾರಣ ಸಿಕ್ಕಿತೆಂದು ಹಿಗ್ಗಿದೆ. ನೆಲದ ಮೇಲಿದ್ದ ಟ್ಯಾಂಕಿಗೆ ಅವನು ಡಬ್ಬದಿಂದ ಪೆಟ್ರೋಲು ಸುರಿದು ತೋರಿಸಿದ. ಬಾಯಾರಿದ ದನ ನೀರು ಕುಡಿದಂತೆ ಕುಡಿಯಿತು. ಮತ್ತೆ ಗಾಡಿಗೆ ಕೂರಿಸಿ, ಬಿಚ್ಚಿದ್ದ ಕೊಳವೆಗಳನ್ನೆಲ್ಲ ಇದ್ದಂತೆಯೇ ಸಿಕ್ಕಿಸಿ ಬಂಕಿಗೆ ಹೋದರೆ ಮತ್ತದೇ ಗುಟುಕು, ಅದೇ ಚಿಮ್ಮು. ಹಿಂದಿರುಗಿ ಹೋಗಿ ಕೇಳಿದೆ. “ಟ್ಯಾಂಕ್ ಸರಿ ಐತೆ, ನಿಮ್ ಕೈಗುಣ ಸರಿ ಇಲ್ಲ,” ಎಂದು ತನ್ನ ಪಾಡಿಗೆ ಇನ್ನೊಂದು ಗಾಡಿಯ ಕೆಳಗೆ ತೂರಿಕೊಂಡ. ಅವನ ಕಾಲುಗಳೊಡನೆ ವಾದ ಮಾಡಿ ನಾನು ಹೊರಟುಬಂದೆ. ಮೊದಲ ಸಲ ಗಾಡಿ ಬಿಟ್ಟುಕೊಡುವಾಗ ಅವನು ಒಂದು ಉಪಕಾರವನ್ನೂ ಮಾಡಿದ್ದ: ಪೆಟ್ರೋಲು ತುಳುಕದಿರಲೆಂದು ಟ್ಯಾಂಕಿನ ಮುಚ್ಚಳಕ್ಕೆ ಹಾಕಿಕೊಳ್ಳಲು ದಪ್ಪನೆಯ ರಬ್ಬರ್ ವಾಷರ್ ಕೊಟ್ಟಿದ್ದ. ಆ ಉಪಕಾರದ ಫಲವನ್ನು ಮುಂದೆ ಹೇಳುತ್ತೇನೆ.

ಮದುವೆಯ ಹಿಂದಿನ ಸಂಜೆ ಚಿತ್ರದುರ್ಗದ ಬಂಕಿನಲ್ಲಿ ಟ್ಯಾಂಕು ತುಂಬಿಸಿಕೊಳ್ಳಲೇಬೇಕೆಂದು ನಿಂತೆ. ನಾಲ್ಕು ಗುಟುಕು ಹೋಗುವಷ್ಟರಲ್ಲಿ ಹಿಂದಿನ ಸಾಲು ರಸ್ತೆಗೆ ಮುಟ್ಟಿತು. ಹಾರನ್ನು, ಬೈಗಳು. ಆ ಆಳು ನಳಿಗೆಯನ್ನು ಎತ್ತಿ ಹಿಡಿದು, “ಇದ್ಕೆ ಒಳಲೆಯಾಗೆ ಕುಡಿಸ್ರಿ ಯಜಮಾನ್ರೆ, ಕೂಸಿಗೆ ಹಾಲು ಕುಡ್ಸಿದಂಗೆ,” ಎಂದ. ಸಾಕೆಂದು ಹೇಳಿ ಮುಚ್ಚಳ ಬಿಗಿದುಕೊಂಡು ಹೊರಟುಬಿಟ್ಟೆ. ಎಷ್ಟು ಹಾಕಿಸಿದೆನೋ ಅದು ಹೊಳಲ್ಕೆರೆಯವರೆಗೆ ಮಾತ್ರ ಸಾಕಾಗುವಷ್ಟಿತ್ತು. ಅಷ್ಟು ಜನರ ನಗುವನ್ನು ಇನ್ನೊಂದು ಗಳಿಗೆ ತಾಳಿಕೊಂಡಿದ್ದರೆ ಮರುದಿನದ ಸಂಕಟ ಅರ್ಧ ಕಡಿಮೆಯಾಗುತ್ತಿತ್ತು.

ಇದ್ದಷ್ಟಾದರೂ ತುಳುಕದಿರಲೆಂದು ಹಿರಿಯೂರಿನ ವಾಷರನ್ನು ಮುಚ್ಚಳಕ್ಕೆ ಹಾಕಿ ಬಿಗಿದು, ಬೆಳಕು ಹರಿಯುವ ಮುಂಚೆಯೇ ಹೊರಟೆವು. ನನ್ನ ಪಕ್ಕದಲ್ಲಿ ಅವ್ವ, ಅವಳ ಮಡಿಲಲ್ಲಿ ಬಿಳಿಯ ಪಂಚೆಯಲ್ಲಿ ಸುತ್ತಿದ ಕಂಬಳಿ. ಹಿಂದೆ ಅಕ್ಕಿಮೂಟೆಯ ಮೇಲೆ ನಮ್ಮ ದೊಡ್ಡಪ್ಪ; ಎಪ್ಪತ್ತು ದಾಟಿದ್ದರೂ ಹಿಂಡಿನ ಹಿಂದೆ ನಡೆಯುವುದನ್ನು ಬಿಟ್ಟಿರದ ಆಳು. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಂಜಿನ್ನು ಕೆಮ್ಮಿತು, ಮುಗ್ಗರಿಸಿತು, ನಿಂತಿತು. ಪೆಟ್ರೋಲು ಆಗಲೇ ತೀರಿತೇ ಎಂದು ಕಡ್ಡಿ ಇಳಿಸಿ ನೋಡಲು ಮುಚ್ಚಳ ತಿರುಗಿಸಿದೆ. ಅದು ಸುಲಭವಾಗಿ ಬಿಡಲಿಲ್ಲ. ಬಿಟ್ಟಾಗ ಒಳಕ್ಕೆ ‘ಸ್ಸ್’ ಎಂದು ಗಾಳಿ ಎಳೆದುಕೊಂಡ ಸದ್ದಾಯಿತು. ಕಡ್ಡಿಯಲ್ಲಿ ಪೆಟ್ರೋಲಿತ್ತು. ಮುಚ್ಚಿ ಚಾಲೂ ಮಾಡಿದರೆ ಗಾಡಿ ಏನೂ ಆಗದಂತೆ ಹೊರಟಿತು. ಮತ್ತೆ ಅಷ್ಟೇ ದೂರ, ಮತ್ತೆ ಕೆಮ್ಮು, ಮತ್ತೆ ‘ಸ್ಸ್’. ಮೂರನೆಯ ಸಲ ನಿಂತಾಗ ಸೂರ್ಯ ಮೇಲೇರಿದ್ದ.

“ಲೇ, ಕುರಿ ಹೊಡ್ಕಂಡು ನಡ್ದಿದ್ರೂ ಇಷ್ಟೊತ್ತಿಗೆ ಹೊಳಲ್ಕೆರೆ ಸೇರ್ತಿದ್ವಿ ಕಣೋ,” ಎಂದು ದೊಡ್ಡಪ್ಪ ಹಿಂದಿನಿಂದ ಕೂಗಿದ.

“ಬಾಯ್ ಮುಚ್ಕಂಡು ಕುಂತ್ಕ ಬಾವ,” ಎಂದಳು ಅವ್ವ. “ಅವ್ನಿಗೆ ಇರೋ ಗಾಬ್ರಿನೇ ಸಾಕು.”

ಜಮಖಾನ ಹಾಸುತ್ತಿರುವ ಕೈಗಳೇ ಕಣ್ಣ ಮುಂದೆ ಬರುತ್ತಿದ್ದವು. ಆದರೂ ಒಂದನ್ನು ಗಮನಿಸಿದೆ: ಮುಚ್ಚಳ ತೆರೆದಾಗಲೆಲ್ಲ ಗಾಡಿ ಓಡುತ್ತದೆ. ಆಮೇಲೆ ಅದನ್ನು ಬಿಗಿಯದೆ ಸುಮ್ಮನೆ ಮೇಲಿಟ್ಟು, ಜಾರದಂತೆ ಟವಲಿನಿಂದ ಕಟ್ಟಿ ಹೊರಟೆ. ಗಾಡಿ ನಿಲ್ಲಲಿಲ್ಲ. ಟ್ಯಾಂಕಿಗೆ ಗಾಳಿ ಹೋಗಲು ಉಳಿದಿದ್ದ ಒಂದೇ ಸಂದನ್ನೂ ಮುಚ್ಚಿದ್ದು, ಹಿರಿಯೂರಿನವನ ರಬ್ಬರ್ ವಾಷರಿನ ಉಪಕಾರವೆಂದರೆ ಇದು.

ಹೊಳಲ್ಕೆರೆಯ ಬಂಕನ್ನು ಮುಟ್ಟಿದಾಗ ಟ್ಯಾಂಕು ಹೆಚ್ಚುಕಡಿಮೆ ಬರಿದಾಗಿತ್ತು. ಅಲ್ಲಿದ್ದವನು ಬೋಳುತಲೆಯ ವಯಸ್ಸಾದ ಮನುಷ್ಯ. ಮೊದಲ ಗುಟುಕು ಒಳಗೆ ಹೋಯಿತು, ಎರಡನೆಯದು ಅವನ ಅಂಗಿಗೂ ನನ್ನ ಅಂಗಿಗೂ ಚಿಮ್ಮಿತು. ನಾನು ಬೈಗಳಿಗೆ ಸಿದ್ಧನಾಗಿ ಉತ್ತರವನ್ನೂ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೆ. ಅವನು ಬೈಯಲಿಲ್ಲ. ಬಗ್ಗಿ ಟ್ಯಾಂಕಿನ ಬಾಯಿಗೆ ಕಿವಿಯಿಟ್ಟು ಗುಳುಗುಳು ಸದ್ದನ್ನು ಕೇಳಿಸಿಕೊಂಡ.

“ಎಷ್ಟೊತ್ತಿಗೆ ಮುಹೂರ್ತ?” ಎಂದು ಕೇಳಿದ. ನಮ್ಮ ಹೊಸ ಬಟ್ಟೆಗಳನ್ನು ನೋಡಿದ್ದನೆಂದು ಕಾಣುತ್ತದೆ. ಹೇಳಿದೆ. ಅವನು ತಲೆಯಾಡಿಸಿ, “ಸಣ್ ಬಾಯಿ ಕೊಡಕ್ಕೆ ಒಂದೇ ಸಲ ನೀರು ಹುಯ್ದ್ರೆ ಏನಾಗ್ತತೆ? ಒಳಗಿನ್ ಗಾಳಿ ಹೊರಗ್ ಬರಾಕೆ ದಾರಿ ಬ್ಯಾಡ್ವಾ? ಇದ್ಕೊಂದು ಗಾಳಿ ಪೈಪು ಇರ್ಬೇಕಲ್ರಿ, ಎಲ್ಲಿ ಅದು?” ಎಂದ.

ಇರಬೇಕಾದ ಜಾಗದಲ್ಲಿ ಅದಿರಲಿಲ್ಲ. ಟ್ಯಾಂಕಿನ ಮೇಲಿನಿಂದ ಹೊರಟ ಬೆರಳು ದಪ್ಪದ ರಬ್ಬರ್ ಕೊಳವೆಯನ್ನು ಹಿಂದಿನ ಮಾಲೀಕರು ಯಾವ ಕಾರಣಕ್ಕೋ ಒಳಗೆ ಎಳೆದು ಸೀಟಿನ ಹಿಂದೆ ಬಿಟ್ಟಿದ್ದರು. ಅವನು ಅದರ ಜಾಡು ಹಿಡಿದು ಬಂದು, ಸೀಟಿನ ಹಿಂದೆ ಕೈಹಾಕಿ ತುದಿಯನ್ನು ಎಳೆದ. ತುದಿಯಲ್ಲಿ ಮರದ ಬಿರಡೆಯಷ್ಟು ಗಟ್ಟಿಯಾದ ಕಪ್ಪು ಗುಂಜು.

“ಯಾವನ್ರಿ ಇದನ್ನ ತುರುಕಿದ್ದು?” ಎಂದು ನಾನೇ ಕೂಗಿದೆ. ಹಿರಿಯೂರಿನವನ ಹೆಸರು ಬಾಯಿಗೆ ಬಂದಿತ್ತು.

ಅವ್ವ ಕಂಬಳಿಯ ಮೇಲಿಂದ ಕೈ ಎತ್ತದೆ ನನ್ನನ್ನು ನೋಡಿದಳು. “ನೀನೇ ಕಣಪ್ಪ. ಮೊದ್ಲಿನ ಕಂಬ್ಳಿ ನಾತ ಬಂತಲ್ಲ, ಅಂಗಳದಾಗೆ ಮಗ್ಗ ಹೂಡಿದ ದಿನ ಆ ತೂತು ಮುಚ್ಚು ಅಂದೆ. ನಾನು ಉಣ್ಣೆ ಕೊಟ್ಟೆ, ನೀನು ಮಗ್ಗದ ಗಂಜಿಯಾಗೆ ಅದ್ದಿ ತುರುಕ್ದೆ. ಇನ್ನು ಒಂದ್ ತೊಟ್ಟೂ ವಾಸ್ನೆ ಬರಲ್ಲ ಅವ್ವ ಅಂತ ಮೀಸೆ ಮ್ಯಾಲೆ ಕೈ ಬ್ಯಾರೆ ಆಡ್ಸಿದ್ದೆ.”

ನಮ್ಮ ಮನೆಗಳಲ್ಲಿ ಸೋರುವುದಕ್ಕೆಲ್ಲ ಉಣ್ಣೆಯೇ ಔಷಧ. ಕೊಡದ ಬಾಯಿಗೆ, ಸೂರಿನ ಬಿರುಕಿಗೆ, ನೀರು ಹೊಕ್ಕ ಕಿವಿಗೆ ಕೂಡ. ಹುಣಸೆಬೀಜದ ಗಂಜಿಯಲ್ಲಿ ಅದ್ದಿದ ಉಣ್ಣೆ ಒಣಗಿದರೆ ಕಲ್ಲಾಗುತ್ತದೆಂದು ಮಗ್ಗ ನೋಡಿದ ಯಾರಿಗಾದರೂ ಗೊತ್ತು. ಚಿತ್ರದುರ್ಗದ ಬಂಕಿನ ಸಾಲಿನಲ್ಲಿ ಯಾರು ಯಾರು ನಕ್ಕರೆಂಬುದು ನನಗೆ ನೆನಪಿತ್ತು. ಈ ಕೈ ಮಾಡಿದ ಕೆಲಸ ನೆನಪಿರಲಿಲ್ಲ. ಬಂಕಿನ ಮುದುಕ ನಕ್ಕಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವನು ಗುಂಜನ್ನು ಇಕ್ಕಳದಿಂದ ಕಿತ್ತು ನನ್ನ ಅಂಗೈಯಲ್ಲಿಟ್ಟು ನಳಿಗೆ ಹಿಡಿದ. ಟ್ಯಾಂಕು ಒಂದೇ ಉಸಿರಿಗೆ ಕುಡಿಯಿತು.

ಕುಡಿದದ್ದೇನೋ ಸರಿ, ಕೊಳವೆಯ ಬಾಯಿಯಿಂದ ಪೆಟ್ರೋಲಿನ ಘಾಟು ಸೀಟಿನ ಹಿಂದಿನಿಂದ ಬುಸ್ಸೆಂದು ನುಗ್ಗಿತು. ಅವ್ವ ಕಂಬಳಿಯನ್ನು ಎದೆಗವಚಿಕೊಂಡು ಕೆಳಗಿಳಿದೇಬಿಟ್ಟಳು. “ನಾನ್ ನಡ್ಕಂಡೇ ಬರ್ತೀನಿ,” ಎಂದಳು. ಮುದುಕ ಕೊಳವೆಯನ್ನು ಒಳಗಿಂದ ಕಿತ್ತು, ಅಡಿಯ ತೂತಿನಿಂದ ಹೊರಕ್ಕೆಳೆದು, ಗಾಡಿಯ ಮೈಗೆ ತಂತಿಯಿಂದ ಕಟ್ಟಿದ. ಆದರೆ ಒಳಗೆ ತುಂಬಿದ ಘಾಟು ಅಷ್ಟರಲ್ಲಿ ಹೋಗುವಂಥದಲ್ಲ, ಕಾಯುವಷ್ಟು ಹೊತ್ತೂ ಇರಲಿಲ್ಲ.

“ಇತ್ಲಾಗ್ ಕೊಡ್ರಿ,” ಎಂದ ದೊಡ್ಡಪ್ಪ ಹಿಂದಿನಿಂದ. “ಮುಂದ್ಗಡೆ ಬಗ್ಗಿ ನಿಂತ್ಕಂತೀನಿ, ಗಾಳಿಯಾಗೆ ಇರ್ಲಿ. ಹೋಗಾಣ ನಡಿ.”

ಹೊಳಲ್ಕೆರೆಯಿಂದ ಹೊಸದುರ್ಗ, ಅಲ್ಲಿಂದ ಹಾಲುರಾಮೇಶ್ವರ. ಅಷ್ಟು ದಾರಿಯನ್ನೂ ದೊಡ್ಡಪ್ಪ ಕ್ಯಾಬಿನ್ನಿನ ಮೇಲೆ ಮೊಳಕೈ ಊರಿ ನಿಂತು, ಎಳೆಯ ಕುರಿಮರಿಯನ್ನು ಹಿಡಿದಂತೆ ಆ ಗಂಟನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದ. ಗುಂಡಿ ಬಂದಾಗಲೆಲ್ಲ ನನ್ನ ತಲೆಯ ಮೇಲೆ ತಗಡು ದಡಾರೆನ್ನುತ್ತಿತ್ತು. ಅವನು ಬಿದ್ದನೇ, ಕಂಬಳಿ ಬಿತ್ತೇ ಎಂದು ನಾನು ಪ್ರತಿ ಸಲವೂ ಕಾಲನ್ನು ಬ್ರೇಕಿಗೆ ತರುತ್ತಿದ್ದೆ. “ಬಿಡಬ್ಯಾಡ, ಹೊಡಿ,” ಎಂದು ಮೇಲಿನಿಂದ ದನಿ ಬರುತ್ತಿತ್ತು. ಅವ್ವ ಪಕ್ಕದಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಕುಳಿತಿದ್ದಳು. ನನ್ನ ಜೇಬಿನಲ್ಲಿದ್ದ ಉಣ್ಣೆಯ ಗುಂಜು ತೊಡೆಗೆ ಒತ್ತುತ್ತಿತ್ತು.

ದೇವಸ್ಥಾನದ ಮುಂದೆ ಇಳಿದಾಗ ವಾದ್ಯ ಆಗಲೇ ಶುರುವಾಗಿತ್ತು. ಹಸೆಯ ಜಾಗದಲ್ಲಿ ಕೆಂಪು ಪಟ್ಟೆಯ ಜಮಖಾನ ಹಾಸಿತ್ತು. ಅದರ ಪಕ್ಕದಲ್ಲಿ ಭಾವನ ಅಣ್ಣ ನಿಂತಿದ್ದರು. ನನ್ನನ್ನು ನೋಡಿ, “ಬಂದ್ರಾ? ಈಗ ಬಿಡ್ರಿ, ಹಾಸಿದ್ದನ್ನ ಯಾಕೆ ತೆಗೀತೀರಿ,” ಎಂದರು. ಪೆಟ್ರೋಲು ಚಿಮ್ಮಿದ ನನ್ನ ಅಂಗಿಯಿಂದ ಅವರು ಎರಡು ಹೆಜ್ಜೆ ಹಿಂದೆ ಸರಿದದ್ದೂ ನನಗೆ ನೆನಪಿದೆ.

ಹೆಣ್ಣುಗಂಡು ಇನ್ನೂ ಕೂತಿರಲಿಲ್ಲ. ಅಕ್ಕ ಮುಂದೆ ಬಂದವಳೇ ಯಾರನ್ನೂ ಕೇಳದೆ ಜಮಖಾನದ ಒಂದು ತುದಿ ಹಿಡಿದು ಸುತ್ತತೊಡಗಿದಳು. ಇನ್ನೊಂದು ತುದಿಯ ಮೇಲೆ ಭಾವನ ಅಣ್ಣನ ಕಾಲಿತ್ತು. ಅವಳು ಸುತ್ತುತ್ತಾ ಅಲ್ಲಿಯವರೆಗೆ ಬಂದು, ತಲೆ ಎತ್ತದೆ, ಕಾದಳು. ಅವರು ಕಾಲು ತೆಗೆದರು.

ನಾನು ಕಂಬಳಿಯನ್ನು ಮುಟ್ಟಲು ಹೆದರಿ ದೂರವೇ ನಿಂತಿದ್ದೆ. ದೊಡ್ಡಪ್ಪ ಪಂಚೆಯನ್ನು ಬಿಚ್ಚಿದ. ಸೋದರಮಾವನೇ ಹಾಸಬೇಕೆಂದು ಅವ್ವ ಕಣ್ಣಲ್ಲೇ ಗದರಿದಳು. ಕೈಗಳನ್ನು ಮಣ್ಣಿನಲ್ಲಿ ಉಜ್ಜಿ ತೊಳೆದುಕೊಂಡು ಬಂದು, ಮೈ ತಾಗದಂತೆ ತೋಳು ಚಾಚಿ, ನಾಲ್ಕು ಮೂಲೆ ಎಳೆದು ಹಾಸಿದೆ. ಅಕ್ಕ ಕೂತು ಅಂಚನ್ನು ಎತ್ತಿ ಮೂಗಿಗೆ ಹಿಡಿದಳು.

“ಕುರಿ ವಾಸ್ನೆ ಐತೆ,” ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿ, ಮಗಳ ಕೈ ಹಿಡಿದು ಕೂರಿಸಿದಳು.