ಹಳ್ಳದಾಗಿನ ಪೈಪು ಮತ್ತ ತೆಂಗಿನಕಾಯಿ

ದೋಸ್ತರ, ಇವತ್ತ ಮುಂಜಾನೆ ಇಲ್ಲಿ ಪರದೇಶದಾಗ, ಮೆಡೋವೇಲ್‌ನ ಆಫೀಸುಗಳ ಹಿಂದಿನ ಹಳ್ಳದಾಗ ಮೊಣಕಾಲು ಮಟ ಇಳಿದು ಬಾಟ್ಲಿಗೆ ನೀರು ತುಂಬ್ಕೊಳ್ಳಾಕತ್ತಿದ್ದೆ. ಅಲ್ಲೊಂದು ಪೈಪಿನಿಂದ ಎಣ್ಣಿ ಎಣ್ಣಿ ನೀರು ಹಳ್ಳಕ್ಕ ಬೀಳ್ತೈತಿ. ಸುದ್ದಿ ಮಾಡಬೇಕಂತ ಮೂರು ವಾರದಿಂದ ಅದರ ಬೆನ್ನು ಹತ್ತೀನಿ.

ನಾಯಿ ಹಿಡ್ಕೊಂಡು ಬಂದ ಒಬ್ಬ ಬಿಳಿ ಅಜ್ಜ ದಂಡಿಗೆ ನಿಂತು, "ಪ್ಲೀಸ್, ನಿಮ್ಮ ದೇವರನ್ನ ಇಲ್ಲಿ ಮುಳುಗಿಸಬ್ಯಾಡ್ರಿ" ಅಂದ. ಕೊಳ್ಳಾಗಿನ ಪ್ರೆಸ್ ಕಾರ್ಡ್ ತೋರಿಸಿದೆ. ಅಂವಾ ಕಾರ್ಡ್ ನೋಡಲಿಲ್ಲ, ನನ್ನ ಕಾಲ ಹತ್ರ ತೇಲಾಕತ್ತಿದ್ದ ತೆಂಗಿನಕಾಯಿ ನೋಡಿದ. ಯಾವ ಪುಣ್ಯಾತ್ಮರು ಬಿಟ್ಟಿದ್ರೋ!

ಎಡಿಟರ್‌ಗೆ ಫೋನ್ ಮಾಡಿ ಇದನ್ನ ಜೋಕ್ ಅಂತ ಹೇಳಿದೆ. ಬಿಳಿಯರಲ್ಲದ ಪತ್ರಕರ್ತರಿಗೆ ಬೆಂಬಲ ಕೊಡ್ತೀವಿ ಅಂತ ಫೆಲೋಶಿಪ್ ಕೊಟ್ಟು, ಪರಿಸರದ ಸುದ್ದಿ ಬರಿಯಾಕ ನನ್ನನ್ನ ತಗೊಂಡಾಕಿ ಆಕಿನ. ಆಕಿ ನಗಲಿಲ್ಲ. "ವಾವ್, ಇದ ನಿನ್ನ ಸ್ಟೋರಿ! ನಿಮ್ಮ ಕಮ್ಯುನಿಟಿಯವರು ಪೂಜಾ ಸಾಮಾನು ಹಳ್ಳಕ್ಕ ಬಿಡೋದರ ಬಗ್ಗೆ ಬರಿ. ನಿನ್ನಷ್ಟು ಚಲೋ ಯಾರೂ ಬರಿಯಂಗಿಲ್ಲ" ಅಂದ್ಲು.

"ಮತ್ತ ಪೈಪು?" ಅಂದೆ.

"ಅದನ್ನ ಆಮ್ಯಾಲೆ ನೋಡೋಣ."

ಜಗಳಾಡಾಕ ತ್ರಾಣ ಇರಲಿಲ್ಲ. ಬೂಟಿನಾಗಿನ ನೀರು ಚೆಲ್ಲಿ, ಕಾಯಿ ಕಾರಿನಾಗ ಇಟ್ಕೊಂಡು ಮಿಲ್ಟನ್‌ಗೆ, ಮನಿಗೆ ಬಂದೆ. ಸಂಜಿ ಒಳಗ ಅದರ ಬಗ್ಗೆ ಆರುನೂರು ಪದ ಕಳಿಸಬೇಕಂತ.

ಪೈಪಿಗೆ ಯಾವ ಕಮ್ಯುನಿಟಿನೂ ಇಲ್ಲ ನೋಡ್ರಿ, ಅದಕ್ಕ ಸ್ಟೋರಿನೂ ಇಲ್ಲ.