ಬೀರುವಿನಲ್ಲಿಟ್ಟ ಮಣಿಸರ

ಪವಿತ್ರಾ, ನಿನ್ನ ಮಣಿಸರ ಕಳೆದುಹೋಗಿರಲಿಲ್ಲ. ನಾನೇ ತೆಗೆದಿಟ್ಟುಕೊಂಡಿದ್ದೆ. ಹನ್ನೆರಡು ವರ್ಷ ಅದು ನನ್ನ ಮನೆಯ ಬೀರುವಿನಲ್ಲಿ, ಹಳೆಯ ಪಾಠಯೋಜನೆಯ ಪುಸ್ತಕಗಳ ಹಿಂದೆ ಬಿದ್ದಿತ್ತು. ಅವತ್ತು ಹೆಡ್‌ಮಾಸ್ಟರ ಮುಂದೆ, ನಿಮ್ಮಪ್ಪನ ಮುಂದೆ, ನಂದಿನಿ ಮೇಡಂ ಮುಂದೆ "ಎಲ್ಲೋ ಬಿದ್ದುಹೋಯಿತು" ಎಂದೆನಲ್ಲ — ಅದು ಸುಳ್ಳು. ಅದಕ್ಕಿಂತ ದೊಡ್ಡ ಸುಳ್ಳು ಇನ್ನೊಂದಿದೆ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ, ಆದರೆ ಒಂದೇ ಸಲಕ್ಕೆ ಕೈ ಓಡುತ್ತಿಲ್ಲ.

ನನ್ನ ಸ್ವಭಾವ ನಿನಗೆ ಗೊತ್ತು. ಇಡೀ ಶಾಲೆ ನನ್ನ ಬೆನ್ನ ಹಿಂದೆ ನನಗಿಟ್ಟಿದ್ದ ಹೆಸರು 'ಸಿ.ಐ.ಡಿ. ಮೇಷ್ಟ್ರು'. ನನಗೆ ಅದು ಕೇಳಿಸುತ್ತಿತ್ತು, ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು. ಮದುವೆ ಮನೆಗೆ ಹೋದರೆ ಎಡಗಾಲಿನ ಚಪ್ಪಲಿಯನ್ನು ಒಂದು ಬಾಗಿಲಲ್ಲಿ, ಬಲಗಾಲಿನದನ್ನು ಇನ್ನೊಂದು ಬಾಗಿಲಲ್ಲಿ ಬಿಡುವ ಮನುಷ್ಯ ನಾನು. ಮನೆಯಾಕೆ ಕಾಫಿಗೆ ಸಕ್ಕರೆ ಹಾಕಿದ್ದೇನೆ ಎಂದರೆ ಒಂದು ಗುಟುಕು ಕುಡಿದೇ ನಂಬುವವನು. ಯಾವ ಹುಡುಗನಾದರೂ ಲೆಕ್ಕವನ್ನು ಮೊದಲ ಸಲಕ್ಕೇ ಸರಿಯಾಗಿ ಮಾಡಿದರೆ ಶಹಬ್ಬಾಸ್ ಎನ್ನುವ ಬದಲು ಅವನ ಪಕ್ಕದವನ ಪುಸ್ತಕ ನೋಡುತ್ತಿದ್ದೆ.

ಹೊಂಗನೂರಿನ ಆಚೆ, ಬಸ್ಸಿಳಿದು ಒಂದೂವರೆ ಮೈಲಿ ನಡೆಯಬೇಕಾದ ಆ ಶಾಲೆಗೆ ನಾನು ಗಣಿತದ ಮೇಷ್ಟ್ರು. ನೀನು ಏಳನೇ ತರಗತಿ. ನಿಮ್ಮಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು, ನಿಮ್ಮಪ್ಪ ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಲ್ಲಿ ಮರದ ಮಣಿ ಕಡೆಯುತ್ತಿದ್ದರು. ನಿನಗೆ ಬೋರ್ಡಿನಿಂದ ನೋಡಿ ಬರೆಯಲು ಬರುತ್ತಿರಲಿಲ್ಲ. ಐವತ್ತೆರಡು ಎಂದರೆ ಇಪ್ಪತ್ತೈದು ಬರೆಯುತ್ತಿದ್ದೆ. ಒಂದು ಸಾಲು ಬರೆದು ತಲೆ ಎತ್ತಿದರೆ ಮುಂದಿನ ಸಾಲು ಯಾವುದೆಂದು ನಿನ್ನ ಕಣ್ಣಿಗೆ ಸಿಗುತ್ತಿರಲಿಲ್ಲ. ಆದರೆ ಬಾಯಿಯಲ್ಲಿ ಕೇಳಿದರೆ — ಇದೇ ನನ್ನನ್ನು ಕೆಡಿಸಿದ್ದು — ನಾನು ಬೋರ್ಡಿನಲ್ಲಿ ಬರೆದು ಮುಗಿಸುವ ಮೊದಲೇ ನೀನು ಉತ್ತರ ಹೇಳುತ್ತಿದ್ದೆ. ಬಾಯಿಗೆ ಬರುವುದು ಕೈಗೆ ಯಾಕೆ ಬರುವುದಿಲ್ಲ? ಮೊದಲು ಸೋಮಾರಿತನ ಎಂದುಕೊಂಡೆ. ಆಮೇಲೆ, ಯಾರೋ ಹಿಂದಿನಿಂದ ಪಿಸುಗುಟ್ಟುತ್ತಾರೆ ಎಂದು ನಿನ್ನನ್ನು ಮೊದಲ ಬೆಂಚಿಗೆ ತಂದು ಕೂರಿಸಿದೆ. ಅಲ್ಲಿಯೂ ನೀನು ಸರಿಯಾಗಿಯೇ ಹೇಳಿದೆ. ನನ್ನ ಅನುಮಾನ ಇನ್ನೂ ಹೆಚ್ಚಾಯಿತು.

ಆ ವರ್ಷವೇ ನಂದಿನಿ ಮೇಡಂ ಬಂದದ್ದು, ಮಾಗಡಿಯ ಕಲ್ಯದ ಕಡೆಯಿಂದ. ಚಿಕ್ಕ ತರಗತಿಗಳ ಟೀಚರ್, ವಯಸ್ಸೂ ಚಿಕ್ಕದು. ಮಧ್ಯಾಹ್ನ ಊಟದ ನಂತರ ನಿನ್ನನ್ನು ಕಿಟಕಿ ಪಕ್ಕ ಕೂರಿಸಿಕೊಳ್ಳಲು ಶುರುಮಾಡಿದರು. ರಟ್ಟಿನಲ್ಲಿ ಉದ್ದಕ್ಕೆ ಒಂದು ಕಿಂಡಿ ಕತ್ತರಿಸಿ ಪುಸ್ತಕದ ಮೇಲಿಟ್ಟರು — ಒಂದು ಸಾಲು ಮಾತ್ರ ಕಾಣುವ ಹಾಗೆ. ನಿಮ್ಮಪ್ಪನಿಗೆ ಹೇಳಿ ಕಳಿಸಿ, ಬಣ್ಣ ಕೆಟ್ಟು ಮಾರಾಟಕ್ಕೆ ಬಾರದ ಮಣಿಗಳನ್ನು ತರಿಸಿ ಸರ ಮಾಡಿಕೊಟ್ಟರು. ಹತ್ತು ಕೆಂಪು, ಹತ್ತು ಹಳದಿ, ಮತ್ತೆ ಹತ್ತು ಕೆಂಪು, ಹೀಗೆ ನೂರರವರೆಗೆ. ಆಮೇಲೆ ಒಂದು ಗಂಟು. ಗಂಟಿನ ಆಚೆ ನಾಲ್ಕು ಬಣ್ಣ ಬೆರೆತ ಎಂಟು ಮಣಿ. ಅದನ್ನು ತಂದುಕೊಟ್ಟ ದಿನ ನಿಮ್ಮಪ್ಪ ಸ್ಟಾಫ್‌ರೂಮಿನ ಬಾಗಿಲಲ್ಲೇ ನಿಂತು, "ಜಾರ್ಬಾರ್ದು ಅಂತ ತೂತು ಒಸಿ ಬಿಗಿಯಾಗೇ ಇಟ್ಟಿವ್ನಿ ಮೇಡಮ್ಮಾರೆ. ತಳ್ಳಿದ್ ತಾವೇ ನಿಂತ್ಕತದೆ" ಎಂದಿದ್ದರು. ನಾನು ಪೇಪರ್ ಓದುವವನ ಹಾಗೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದೆ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಿನಗೆ ಐವತ್ತಕ್ಕೆ ನಲವತ್ತೊಂದು ಬಂತು. ಅದಕ್ಕೂ ಮುಂಚಿನ ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಆರು ಬಂದಿತ್ತು. ಅರ್ಧವಾರ್ಷಿಕದ ಕೊಠಡಿಯಲ್ಲಿ ಮೇಲ್ವಿಚಾರಣೆಗೆ ಇದ್ದವರು ನಂದಿನಿ ಮೇಡಂ. ನನಗೆ ಇನ್ನೇನು ಬೇಕು? ಇಪ್ಪತ್ತು ವರ್ಷ ಪಾಠ ಮಾಡಿದ ನನ್ನ ಕೈಯಲ್ಲಿ ಆಗದ್ದು, ನಿನ್ನೆ ಮೊನ್ನೆ ಬಂದವರಿಂದ ಹೇಗೆ ಆಗುತ್ತದೆ — ಹೇಳಿಕೊಟ್ಟೇ ಬರೆಸಿದ್ದಾರೆ ಎಂದು ತೀರ್ಮಾನಿಸಿಬಿಟ್ಟೆ. ಈಗ ಯೋಚಿಸಿದರೆ ಅದು ಬರೀ ಅನುಮಾನವಾಗಿರಲಿಲ್ಲ. ಹೊಟ್ಟೆಕಿಚ್ಚಿತ್ತು. ಪಾಠ ಎಂದರೆ ಎಲ್ಲರಿಗೂ ಒಂದೇ, ಬರುವವರಿಗೆ ಬರುತ್ತದೆ ಎಂದು ನಂಬಿ ಅಷ್ಟು ವರ್ಷ ಕಳೆದಿದ್ದೆ. ನಿನ್ನ ನಲವತ್ತೊಂದು ನಿಜವಾಗಿದ್ದರೆ ನನ್ನ ಕೈಯಲ್ಲಿ ಕಲಿಯದೇ ಹೋದ ಮಕ್ಕಳೆಲ್ಲ... ಅದನ್ನು ಯೋಚಿಸಲು ನನಗೆ ಧೈರ್ಯವಿರಲಿಲ್ಲ.

ವಾರ್ಷಿಕ ಪರೀಕ್ಷೆಗೆ ಹೆಡ್‌ಮಾಸ್ಟರನ್ನು ಕೇಳಿ ನಿನ್ನ ಕೊಠಡಿಯ ಡ್ಯೂಟಿ ಹಾಕಿಸಿಕೊಂಡೆ. ಪ್ರಶ್ನೆಪತ್ರಿಕೆ ಕೊಟ್ಟು ಹತ್ತು ನಿಮಿಷ ಆಗಿರಬೇಕು. ನಿನ್ನ ಎಡಗೈ ಡೆಸ್ಕಿನ ಕೆಳಗೆ, ಮಡಿಲಲ್ಲಿ ಏನನ್ನೋ ತಳ್ಳುತ್ತಿತ್ತು. ಮೆಲ್ಲಗೆ ಹಿಂದಿನಿಂದ ಬಂದು ಬಗ್ಗಿ ನೋಡಿದೆ. ಮಣಿಸರ. ಗಂಟಿನ ಆಚೆಯ ಎಂಟು ಮಣಿಗಳ ಮೇಲೆ ನಿನ್ನ ಬೆರಳಿತ್ತು. ಪತ್ರಿಕೆಯ ಮೊದಲ ಭಾಗದಲ್ಲಿ ಎಂಟು ಪ್ರಶ್ನೆ, ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ, ಸರಿಯಾದದ್ದನ್ನು ಆರಿಸಬೇಕು. ಇಲ್ಲಿ ಎಂಟು ಮಣಿ, ನಾಲ್ಕು ಬಣ್ಣ. ಹೈಸ್ಕೂಲಿನ ಪರೀಕ್ಷೆ ಡ್ಯೂಟಿಗಳಲ್ಲಿ ನಾನು ಕೆಮ್ಮಿನ ಸಂಕೇತ ಹಿಡಿದಿದ್ದೆ, ಕಿವಿ ತುರಿಸುವ ಸಂಕೇತ ಹಿಡಿದಿದ್ದೆ. ಇದು ಮಣಿಯ ಸಂಕೇತ. ಒಂದೊಂದು ಬಣ್ಣಕ್ಕೆ ಒಂದೊಂದು ಉತ್ತರ.

ಸರ ಕಿತ್ತುಕೊಂಡೆ. ನೀನು ಎದ್ದು ನಿಂತೆ.

"ಕಾಪಿ ಅಲ್ಲ ಸಾ. ಎಣ್ಸಕ್ಕೆ, ಅಷ್ಟೆ" ಎಂದೆ.

"ನಿನ್ನ ಟೀಚರೂ ಕಳ್ಳಿ, ನೀನೂ ಕಳ್ಳಿ" ಎಂದೆ ನಾನು. ಇಪ್ಪತ್ತಾರು ಮಕ್ಕಳ ಮುಂದೆ, ಪಕ್ಕದ ಕೊಠಡಿಗೂ ಕೇಳುವ ಹಾಗೆ. ನಿನ್ನ ಉತ್ತರಪತ್ರಿಕೆಯನ್ನೂ ಎತ್ತಿಕೊಂಡು ನಿನ್ನನ್ನು ಹೊರಗೆ ಕಳಿಸಿದೆ. ಬೇರೆ ಮೇಷ್ಟ್ರನ್ನು ಕೊಠಡಿಗೆ ಕರೆದು ನಿಲ್ಲಿಸಿ, ಹೋಗುತ್ತಾ ಹೆಡ್‌ಮಾಸ್ಟರಿಗೆ "ಹಿಡಿದೆ ಸಾರ್" ಎಂದು ಹೇಳಿ, ಸ್ಟಾಫ್‌ರೂಮಿಗೆ ಹೋಗಿ ಬಾಗಿಲು ಒತ್ತಿಕೊಂಡೆ.

ಇನ್ನು ಮುಂದಿನದು ಯಾರಿಗೂ ಗೊತ್ತಿಲ್ಲ.

ಸರವನ್ನು ಮೇಜಿನ ಮೇಲೆ ಹಾಸಿ ಪಕ್ಕದಲ್ಲಿ ಪ್ರಶ್ನೆಪತ್ರಿಕೆ ಇಟ್ಟುಕೊಂಡೆ. ಮೊದಲ ಎರಡು ಮಣಿ ಎರಡೂ ಕೆಂಪು. ಮೊದಲ ಎರಡು ಪ್ರಶ್ನೆಗಳ ಉತ್ತರವೋ ಬೇರೆ ಬೇರೆ. ಸರವನ್ನು ತಿರುಗಿಸಿದೆ. ಆ ಕಡೆಯಿಂದ ನೋಡಿದರೂ ಮೊದಲ ಎರಡು ಮಣಿ ಎರಡೂ ಹಸಿರು. ಯಾವ ಬಣ್ಣಕ್ಕೆ ಯಾವ ಉತ್ತರ ಇಟ್ಟರೂ ಹೊಂದುವುದಿಲ್ಲ. ಆದರೂ ಬಿಡಲಿಲ್ಲ, ಬೇರೆ ಇನ್ನೇನೋ ಇರಬೇಕು ಎಂದು ನಿನ್ನ ಉತ್ತರಪತ್ರಿಕೆ ತೆಗೆದೆ. ನೀನು ಮೂರು ಪ್ರಶ್ನೆಗೆ ಉತ್ತರ ಬರೆದಿದ್ದೆ, ನಾಲ್ಕನೆಯದರ ಸಂಖ್ಯೆ ಹಾಕಿ ನಿಲ್ಲಿಸಿದ್ದೆ. ಮಣಿಗಳ ಕಡೆ ನೋಡಿದೆ. ಮೂರು ಮಣಿ ಗಂಟಿನ ಪಕ್ಕಕ್ಕೆ ಸರಿದಿದ್ದವು, ಐದು ಈ ಕಡೆ ಉಳಿದಿದ್ದವು. ನಾನು ಕಿತ್ತುಕೊಂಡಾಗಲೂ, ಮೇಜಿನ ಮೇಲೆ ಹಾಸಿದಾಗಲೂ ಅವು ಅಲ್ಲಾಡಿರಲಿಲ್ಲ — ನಿಮ್ಮಪ್ಪ ತೂತು ಬಿಗಿಯಾಗಿ ಇಟ್ಟಿದ್ದರಲ್ಲ.

ಒಂದು ಪ್ರಶ್ನೆ ಮುಗಿದರೆ ಒಂದು ಮಣಿ ಗಂಟಿನ ಕಡೆಗೆ. ಕಣ್ಣಿಗೆ ಸಾಲು ತಪ್ಪಿದರೂ ಬೆರಳಿಗೆ ತಪ್ಪದ ಹಾಗೆ. ಅಷ್ಟೇ ಅದರ ಗುಟ್ಟು.

ಸ್ಟಾಫ್‌ರೂಮಿನ ಕಿಟಕಿಯಿಂದ ನೀನು ಕಾಣುತ್ತಿದ್ದೆ. ಧ್ವಜದ ಕಟ್ಟೆಯ ಪಕ್ಕ, ಬಿಸಿಲಲ್ಲಿ. ಕೈಯಲ್ಲಿ ಪೆನ್ನು ಇನ್ನೂ ಇತ್ತು, ಕ್ಯಾಪ್ ಹಾಕಿರಲಿಲ್ಲ. ಮತ್ತೆ ಕರೆಯುತ್ತಾರೆ ಎಂದು ನಂಬಿಕೊಂಡು ನಿಂತಿದ್ದೆ ಅನ್ನಿಸುತ್ತದೆ. ಪರೀಕ್ಷೆ ಮುಗಿಯಲು ಇನ್ನೂ ಒಂದೂಕಾಲು ಗಂಟೆ ಇತ್ತು. ಬಾಗಿಲು ತೆಗೆದು "ಬಾರಮ್ಮ, ಬರಿ" ಎಂದಿದ್ದರೆ ಮುಗಿಯುತ್ತಿತ್ತು. ಎದ್ದೆ ಕೂಡ. ಆದರೆ ಹೆಡ್‌ಮಾಸ್ಟರಿಗೆ 'ಹಿಡಿದೆ' ಎಂದು ಹೇಳಿಯಾಗಿತ್ತು. ಹಿಡಿದದ್ದು ತಪ್ಪು ಎಂದು ಯಾವ ಬಾಯಿಯಲ್ಲಿ ಹೇಳಲಿ — ಅದೂ ಆ ಮೇಡಂ ಮುಂದೆ. ಸರವನ್ನು ಸುತ್ತಿ ಟಿಫನ್ ಬಾಕ್ಸಿನ ಚೀಲಕ್ಕೆ ಹಾಕಿದೆ.

ಮುಂದಿನದು ನಿನಗೂ ಗೊತ್ತು. 'ಮಣಿಗಳಲ್ಲಿ ಉತ್ತರದ ಗುರುತುಗಳಿದ್ದುದನ್ನು ಖುದ್ದಾಗಿ ಪರಿಶೀಲಿಸಿದ್ದೇನೆ' ಎಂದು ಹೇಳಿಕೆ ಬರೆದು ಸಹಿ ಹಾಕಿದೆ. ಮೊದಲಲ್ಲಿ ದೊಡ್ಡ ಸುಳ್ಳು ಎಂದೆನಲ್ಲ, ಅದು ಈ ಒಂದು ವಾಕ್ಯ. ಪರಿಶೀಲಿಸಿದ್ದೆ, ಅದು ಮಾತ್ರ ನಿಜ. ನಂದಿನಿ ಮೇಡಂ ನನ್ನೊಡನೆ ಜಗಳವಾಡಲಿಲ್ಲ. "ಸರ್, ಆ ಸರ ಒಂದು ಸಲ ತೋರಿಸಿ, ಸಾಕು" ಎಂದು ಮೂರು ದಿನ ಬಂದು ಕೇಳಿದರು. ಮೂರು ದಿನವೂ "ಎಲ್ಲೋ ಬಿದ್ದುಹೋಯಿತು ಮೇಡಂ" ಎಂದೆ. ಅವರನ್ನು ಕನಕಪುರದ ಆಚೆಯ ಒಂದು ಶಾಲೆಗೆ ಹಾಕಿದರು.

ನಿಮ್ಮಪ್ಪ ಕೆಲಸ ಅರ್ಧಕ್ಕೇ ಬಿಟ್ಟು ಬಂದಿದ್ದರು, ಉಗುರುಗಳ ಸಂದಿಯಲ್ಲಿ ಮಣಿಗೆ ಬಳಿಯುವ ಅರಗಿನ ಕೆಂಪು ಹಾಗೇ ಇತ್ತು. "ಸಾ, ಆ ಮಣಿ ನಾನೇ ಕಡ್ದಿರದು. ಅದ್ರಲ್ಲಿ ಏನೂ ಬರ್ದಿಲ್ಲ ಸಾ" ಎಂದರು. ಹೊರಡುವಾಗ ಬಾಗಿಲಲ್ಲಿ ನಿಂತು, "ಕಳ್ಳಿ ಅನ್ನುಸ್ಕೊಂಡ್ ಮ್ಯಾಕೆ ಇಸ್ಕೂಲ್‌ಗೆ ವೋಗಕಿಲ್ಲ ಅಂತಾವ್ಳೆ. ನೀವೊಂದ್ ಮಾತು ಹೇಳಿ ಸಾ, ಬತ್ತಾಳೆ" ಎಂದರು. ನಾನು ಹೇಳಲಿಲ್ಲ. ಮಗಳನ್ನು ಕೆಲಸಕ್ಕೆ ಹಾಕಲು ಇದೊಂದು ನೆಪ ಸಿಕ್ಕಿದೆ ಇವನಿಗೆ ಎಂದು ಅವರ ಮೇಲೂ ಅನುಮಾನಪಟ್ಟೆ. ನೀನು ಹೈಸ್ಕೂಲಿಗೆ ಹೋಗಲಿಲ್ಲ.

ಸರವನ್ನು ಯಾಕೆ ಬಿಸಾಡಲಿಲ್ಲ ಎಂದು ನನಗೇ ಗೊತ್ತಿಲ್ಲ. ಬಿಸಾಡಿದರೆ ಯಾರಿಗಾದರೂ ಸಿಕ್ಕೀತು ಎಂಬ ಭಯವಿದ್ದಿರಬೇಕು.

ಹೋದ ತಿಂಗಳು ರಾಮನಗರದಲ್ಲಿ ನಮಗೆಲ್ಲ ತರಬೇತಿ ಇಟ್ಟಿದ್ದರು — ಬೇರೆ ರೀತಿಯಲ್ಲಿ ಕಲಿಯುವ ಮಕ್ಕಳಿಗೆ ಪಾಠವನ್ನು ಹೇಗೆ ಬದಲಿಸಿಕೊಳ್ಳಬೇಕು ಎಂದು. ಒಬ್ಬೊಬ್ಬರೂ ಒಂದು ಕಲಿಕೋಪಕರಣ ಮಾಡಿ ತರಬೇಕಿತ್ತು. ನಾನು ಏನು ಮಾಡಿದೆ ಗೊತ್ತೇನಮ್ಮ? ಬೀರುವಿನಿಂದ ನಿನ್ನ ಸರ ತೆಗೆದುಕೊಂಡು ಹೋದೆ. ನಂದಿನಿ ಮೇಡಂ ಆಡುತ್ತಿದ್ದ ಮಾತುಗಳನ್ನೇ ಆಡಿದೆ, 'ಕಣ್ಣು ತಪ್ಪಿದರೆ ಬೆರಳು ಹಿಡಿಯಲಿ' ಎಂದು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈಗೆ ಪ್ರಶಸ್ತಿಪತ್ರ ಕೊಟ್ಟು ಫೋಟೋ ತೆಗೆದರು. ಅಕ್ಕಪಕ್ಕದ ಶಾಲೆಗಳಿಗೆ ಇಂಥವೇ ನಲವತ್ತು ಸರ ಮಾಡಿಸುವ ಕೆಲಸವನ್ನೂ ನನಗೇ ಒಪ್ಪಿಸಿದರು. ನಾಚಿಕೆ ಆಗಲಿಲ್ಲವೇ ಎಂದು ನೀನು ಕೇಳಬಹುದು. ಅವತ್ತು ಆಗಲಿಲ್ಲ. ಖುಷಿಯೇ ಆಗಿತ್ತು.

ಚನ್ನಪಟ್ಟಣದಲ್ಲಿ ಯಾರೋ ತೋರಿಸಿದ ಶೆಡ್ಡಿಗೆ ಹೋದೆ. ಮಿಷನ್ನಿನ ಮುಂದೆ ಒಬ್ಬಳು ಹೆಂಗಸು ತಿರುಗುವ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಹಿಡಿದು ಕೂತಿದ್ದಳು. ಸುತ್ತ ಐದಾರು ಜನ ಕೆಲಸದವರು. ನಾನು ಸರ ಚಾಚಿದೆ. ಅವಳು ಮಿಷನ್ನು ನಿಲ್ಲಿಸಿ ಸರ ತೆಗೆದುಕೊಂಡಳು. ಅವಳ ಬೆರಳು ನೇರವಾಗಿ ಗಂಟು ದಾಟಿ ಎಂಟು ಮಣಿಗಳ ಹತ್ತಿರ ಹೋಯಿತು. ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿದಳು. ನೀನು.

ನೀನು ಬೈಯುತ್ತೀಯ ಎಂದುಕೊಂಡೆ. "ಎಷ್ಟ್ ಬೇಕು ಸಾ?" ಎಂದೆ ನೀನು. ನಾನು ನಲವತ್ತು ಎಂದೆ. ನೀನು ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ, ತಲೆ ಆಡಿಸಿದೆ ಅಷ್ಟೆ. ಮಾದರಿಗೆ ಸರವನ್ನು ನಿನ್ನ ಹತ್ತಿರ ಬಿಟ್ಟು ಬರಬೇಕಿತ್ತು. ಅಲ್ಲಿಯೂ ನನ್ನ ಬುದ್ಧಿ ಬಿಡಲಿಲ್ಲ, ಇವಳು ವಾಪಸ್ ಕೊಡದಿದ್ದರೆ ಎಂದು ಕೈ ಚಾಚಿದೆ. "ತಗಳಿ, ನಂಗೆ ಬ್ಯಾಡ" ಎಂದು ನೀನು ಕೊಟ್ಟುಬಿಟ್ಟೆ. ಆಮೇಲೆ ಕೇಳಿದೆ:

"ಈ ಎಂಟು ಮಣಿ ಯಾತುಕ್ಕೆ ಅಂತ ಗೊತ್ತಾ ಸಾ?"

"ಗೊತ್ತಮ್ಮ."

"ಯಾವಾಗಿಂದ?"

ಹನ್ನೆರಡು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ನನ್ನ ಬಾಯಿಂದ ಏನು ಬಂತು? "ಈಗ ಟ್ರೈನಿಂಗಲ್ಲಿ ಹೇಳ್ಕೊಟ್ರು." ನೀನು "ಓ" ಎಂದು ಮಿಷನ್ನು ಹಾಕಿದೆ. ನಂಬಿದೆಯೋ ಇಲ್ಲವೋ ತಿಳಿಯಲಿಲ್ಲ. ಮುಖ ನೋಡಿ ಕಳ್ಳರನ್ನು ಹಿಡಿಯುತ್ತೇನೆ ಎಂದು ಮೆರೆದವನಿಗೆ ನಿನ್ನ ಮುಖದಲ್ಲಿ ಏನೂ ಕಾಣಲಿಲ್ಲ.

ಆವತ್ತಿನಿಂದ ನನಗೆ ನನ್ನ ಮೇಲೆಯೇ ಅನುಮಾನ. ಇದನ್ನು ಬರೆಯುತ್ತಿರುವುದೂ ನಿನಗಾಗಿಯೋ, ನಾನು ಹಗುರಾಗಲಿಕ್ಕೋ? ಅಥವಾ ನೀನು ಯಾರಿಗಾದರೂ ಹೇಳುವ ಮುಂಚೆ ನಾನೇ ಹೇಳಿ ಒಳ್ಳೆಯವನಾಗುವ ಹಂಚಿಕೆಯೋ? ಇರಬಹುದು. ಅದಕ್ಕೇ ಬರೀ ಬರೆದು ಸುಮ್ಮನಾಗುವ ಹಾಗಿಲ್ಲ. ನನ್ನ ಹೇಳಿಕೆ ಸುಳ್ಳು ಎಂದು ಶಿಕ್ಷಣ ಇಲಾಖೆಯ ಕಚೇರಿಗೆ ಇದರ ಒಂದು ಪ್ರತಿ ಕೊಡುತ್ತೇನೆ, ಪ್ರಶಸ್ತಿಪತ್ರವನ್ನೂ ಅದರ ಜೊತೆಗೆ. ನಂದಿನಿ ಮೇಡಂ ಶಾಲೆಗೆ ನಾನೇ ಹೋಗುತ್ತೇನೆ. ನಲವತ್ತು ಸರ ಹಂಚುವ ದಿನ ಅವು ಯಾರ ಕಲ್ಪನೆ, ಯಾರ ಕೈಯ ಕೆಲಸ ಎಂದು ಎಲ್ಲರ ಮುಂದೆ ಹೇಳುತ್ತೇನೆ.

ನಿನಗೆ ಈ ಕಾಗದ ಕೊಡುವುದಿಲ್ಲ ಪವಿತ್ರಾ. ಸಾಲು ತಪ್ಪುವ ನಿನ್ನ ಕಣ್ಣಿನ ಮುಂದೆ ಇಷ್ಟು ಸಾಲುಗಳನ್ನಿಟ್ಟರೆ ಅದು ಮತ್ತೆ ನನ್ನ ಅನುಕೂಲವೇ ಆಗುತ್ತದೆ. ಬಾಯಿಯಲ್ಲಿ ಹೇಳಿದ್ದನ್ನು ನೀನು ಮರೆಯುವವಳಲ್ಲ. ಶನಿವಾರ ಶೆಡ್ಡಿಗೆ ಬರುತ್ತೇನೆ, ಕೆಲಸದವರೆಲ್ಲ ಇರುವ ಹೊತ್ತಿಗೆ — ಅವತ್ತು ಇಪ್ಪತ್ತಾರು ಮಕ್ಕಳಿದ್ದರು. ಸರ ನಿನ್ನ ಕೈಗೆ ಕೊಟ್ಟು, ನೀನು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ.

ಅವತ್ತಿನಿಂದಲೇ ಗೊತ್ತಮ್ಮ. ನೀನು ಪೆನ್ನು ಹಿಡಿದುಕೊಂಡು ಬಿಸಿಲಲ್ಲಿ ನಿಂತಿದ್ದಾಗಲೇ ಗೊತ್ತಿತ್ತು.